ಮುಚ್ಚಿಟ್ಟ ತಟ್ಟೆ

ಪಾಸ್ಟರ್ ಕರ್ತನ ಭೋಜನದ ಪವಿತ್ರ ರೊಟ್ಟಿಯ ಚೂರನ್ನು ಅಮ್ಮನ ತುಟಿಯ ಹತ್ತಿರ ತಂದರು. ಅವಳು ಬಾಯಿ ಬಿಗಿದುಕೊಂಡಳು. ಮುಖ ತಿರುಗಿಸಿ, ಹಲ್ಲು ಕಚ್ಚಿಕೊಂಡೇ, "ಬೇಡ. ಆಚೆ ತಗೊಂಡ್ಹೋಗಿ," ಎಂದಳು. ಹೋದ ತಿಂಗಳೂ ಇದೇ ಕಥೆ.

ನಾನು ಹಲ್ಲಿನ ಸೆಟ್ಟು ಮಾಡುವ ಕಡೆ ಕೆಲಸಕ್ಕಿದ್ದೇನೆ. ದಿನವಿಡೀ ಕಂಡವರ ಬಾಯಿಯ ಅಚ್ಚುಗಳನ್ನು ಮುಂದಿಟ್ಟುಕೊಂಡು ಮೇಣ ತೀಡುತ್ತೇನೆ. ಅಮ್ಮನ ಸೆಟ್ಟೂ ನನ್ನ ಕೈಯದೇ. ಅದು ಇಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಂದು ಗೊತ್ತಿದ್ದರೆ ಸ್ವಲ್ಪ ಸಡಿಲ ಬಿಡುತ್ತಿದ್ದೆ.

"ಬಲವಂತ ಮಾಡೋಕಾಗಲ್ಲ ಸಿಸ್ಟರ್," ಪಾಸ್ಟರ್ ರೊಟ್ಟಿಯನ್ನು ಡಬ್ಬಿಗೆ ಹಾಕಿದರು. "ಇದನ್ನ ಅವರೇ ಮನಸಾರೆ ತಗೋಬೇಕು."

"ನಾನ್ಯಾರು ಅಂತಾನೇ ಅವಳಿಗೆ ಗೊತ್ತಿಲ್ಲ, ಇನ್ನು ಮನಸ್ಸನ್ನ ಎಲ್ಲಿಂದ ತರ್ಲಿ? ಊಟಾನೂ ದಿನಾ ಬೇಡ ಅಂತಾಳೆ. ಹಾಗಂತ ಉಪವಾಸ ಕೆಡವ್ತೀನಾ?"

"ಊಟ ಬೇರೆ, ಇದು ಬೇರೆ."

"ಬೇರೆ ಹೇಗೆ?"

ಪಾಸ್ಟರ್ ಒಳ್ಳೆಯ ಮನುಷ್ಯ, ಪಾಪ. "ಕೃಪೆ ದೊಡ್ಡದು, ಪ್ರಾರ್ಥನೆ ಮಾಡೋಣ," ಎಂದು ಬ್ಯಾಗು ಎತ್ತಿಕೊಂಡರು. ಕೃಪೆ ಅಷ್ಟು ದೊಡ್ಡದಾದರೆ ಈ ಮುದುಕಿಯ ಎರಡು ತುಟಿ ಅದಕ್ಕೆ ಯಾವ ಲೆಕ್ಕ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮನಸಾರೆ ತಗೋಬೇಕು ಎಂದು ಅವರು ಹೇಳಿದ್ದು ಅಮ್ಮನದೇ ಹಳೆಯ ಮಾತಾಗಿತ್ತು.

ಬುದ್ಧಿ ನೆಟ್ಟಗಿದ್ದಾಗ ಅಮ್ಮ ಸಂಡೇ ಸ್ಕೂಲ್ ಟೀಚರ್. "ದೇವರು ಕೈ ಚಾಚ್ತಾನೆ. ಹಿಡಿಯೋದು ನಿಮ್ಮ ಕೆಲಸ. ಹಿಡೀದೆ ಬಿದ್ರೆ ಅವನನ್ನ ದೂರಬೇಡಿ," ಎಂದು ಬೆರಳು ಎತ್ತಿದರೆ ಇಡೀ ತರಗತಿ ತೆಪ್ಪಗಾಗುತ್ತಿತ್ತು.

ಅಪ್ಪ ಹಿಡಿಯಲಿಲ್ಲ. ಬಸ್ಸುಗಳ ಮೆಕ್ಯಾನಿಕ್ ಅವರು. ದೇವರ ಮಾತೆತ್ತಿದರೆ ಎದ್ದು ನಡೆಯುತ್ತಿದ್ದರು. ಹಟ ಬಂದರೆ ಊಟದ ಮುಂದಿನಿಂದಲೂ ಹಾಗೆಯೇ ಎದ್ದು ಹೋಗುವವರು. ಆಸ್ಪತ್ರೆಯಲ್ಲಿ ಕೊನೆಗಾಲಕ್ಕೆ ಪಾಸ್ಟರ್ ಬಂದಾಗ ಗೋಡೆಯ ಕಡೆ ಹೊರಳಿ, "ನಂಗೆ ಬೇಡ," ಎಂದರು. ಮಣ್ಣು ಮಾಡಿ ಬಂದ ಮೇಲೆ, "ಅಪ್ಪ ಈಗ ಎಲ್ಲಿದ್ದಾರಮ್ಮ?" ಎಂದು ಕೇಳಿದೆ.

"ಅವರೇ ಬೇಡ ಅಂದ್ರಲ್ಲ," ಎಂದಳು ಅಮ್ಮ.

ಅಲ್ಲಿಗೆ ಮುಗಿಯಿತು. ಆಮೇಲೆ ಅವಳ ಪ್ರಾರ್ಥನೆಯಲ್ಲಿ ಅಪ್ಪನ ಸುದ್ದಿಯೇ ಬರಲಿಲ್ಲ. ಅದಕ್ಕಾಗಿ ನಾನು ಅವಳನ್ನು ಕ್ಷಮಿಸಿಲ್ಲ.

ಈಗ ಅವಳ ನಿಯಮ ಅವಳ ಕೊರಳಿಗೇ ಬಿದ್ದಿದೆ. ಮಂಕು ಕವಿದು ಹೇಳಿದ "ಬೇಡ" ಲೆಕ್ಕಕ್ಕಿಲ್ಲ ಅನ್ನೋಣವೇ? ಹಾಗಾದರೆ ನೋವಿನಲ್ಲಿ, ಭಯದಲ್ಲಿ, ಬರೀ ಹಟದಲ್ಲಿ ಅಪ್ಪ ಹೇಳಿದ್ದು? ಯಾರದು ಗಟ್ಟಿ, ಯಾರದು ಪೊಳ್ಳು ಎಂದು ತೂಗುವವರು ಯಾರು? ಅಮ್ಮನಿಗೊಂದು ನ್ಯಾಯ, ಅಪ್ಪನಿಗೊಂದು ನ್ಯಾಯ ನನ್ನಿಂದಾಗದು. ಅವಳೂ ದೇವರ ಕೈತಪ್ಪಿ ಹೋಗುತ್ತಾಳೆಂಬ ಭಯ ಒಂದು ಕಡೆ. ಅನುಭವಿಸು ಈಗ ಎಂಬ ಸಿಟ್ಟು ಇನ್ನೊಂದು ಕಡೆ.

ಮಧ್ಯಾಹ್ನ ಊಟಕ್ಕೆ ಕೂರಿಸಿದೆ. ಒಂದು ತುತ್ತು ಹೇಗೋ ನುಂಗಿದಳು. ಮತ್ತೆ ಬಾಯಿಗೆ ಬೀಗ. ನನ್ನ ತಾಳ್ಮೆ ಕೆಟ್ಟಿತು. ಚಮಚ ಕುಕ್ಕಿ, "ಬೇಡ್ವಾ? ಬಿಡು, ನಿನ್ನಿಷ್ಟ. ನೀನೇ ತಾನೇ ಹೇಳಿಕೊಟ್ಟಿದ್ದು," ಎಂದೆ.

ಅಮ್ಮ ಬೆಚ್ಚಿದಳು. ಅವಳ ಕಣ್ಣು ಅತ್ತಿತ್ತ ಅಲೆದು, ಮೇಜಿನ ಆ ಬದಿಯಲ್ಲಿದ್ದ ಅಪ್ಪನ ಖಾಲಿ ಕುರ್ಚಿಯ ಮೇಲೆ ನಿಂತಿತು.

"ಅವರು ಊಟ ಮಾಡಿದ್ರಾ?"

"ಇಲ್ಲಮ್ಮ. ಬೇಡ ಅಂದ್ರು."

"ಬೇಡ ಅಂದ್ರೆ?" ಸಂಡೇ ಸ್ಕೂಲಿನ ಹಳೆಯ ದನಿ ಎದ್ದು ಬಂತು. "ಅವರು ಬೇಡ ಅನ್ನೋದು, ನೀನು ಎತ್ತಿಟ್ಬಿಡೋದು, ಚೆನ್ನಾಗಿದೆ! ಅವರ ಮಾತು ಕಟ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ಒಣಗಿ ಕಡ್ಡಿ ಆಗಿರೋರು. ತಟ್ಟೆ ಹಾಕು. ಮುಚ್ಚಿಡು."

ನಾನು ಕೂತಲ್ಲಿಂದ ಅಲ್ಲಾಡಲಿಲ್ಲ. ಅವಳೇ ತನ್ನ ತಟ್ಟೆಯನ್ನು ಆ ಕುರ್ಚಿಯ ಕಡೆ ತಳ್ಳಿದಳು. ಅದು ಮೇಜಿನ ನಡುವೆಯೇ ನಿಂತಿತು. ಮುಚ್ಚಲು ಏನಾದರೂ ಸಿಗುತ್ತದೇನೋ ಎಂದು ತಡಕಿದಳು; ಏನೂ ಸಿಗಲಿಲ್ಲ. ಕೊನೆಗೆ ಎರಡೂ ಅಂಗೈ ಅಗಲಿಸಿ ತಟ್ಟೆಯ ಮೇಲೆ ಹಿಡಿದಳು.

"ಎಷ್ಟು ಹೊತ್ತು ಹೀಗೇ ಹಿಡ್ಕೊಂಡಿರ್ತೀಯಮ್ಮ?"

"ಅವರು ಬರೋವರೆಗೆ."

ನನಗೆ ಅಳು ತಡೆಯಲಾಗಲಿಲ್ಲ. ಬೇಡ ಅಂದವರ ಗತಿ ಏನೆಂಬುದಕ್ಕೆ ಪಾಸ್ಟರ್ ಇದನ್ನು ಉತ್ತರ ಎಂದು ಒಪ್ಪುತ್ತಾರೋ ಇಲ್ಲವೋ ಕಾಣೆ. ದೇವರು ಅಮ್ಮನಷ್ಟಾದರೂ ಒಳ್ಳೆಯವನೋ ಅಲ್ಲವೋ ಎಂಬುದೂ ನನಗೆ ಗೊತ್ತಿಲ್ಲ. ಆಗಿರಲಿ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಅಡುಗೆಮನೆಯಿಂದ ಇನ್ನೊಂದು ತಟ್ಟೆ ತಂದು, ಅವಳ ಕೈಗಳನ್ನು ಮೆಲ್ಲಗೆ ಸರಿಸಿ, ಅಪ್ಪನ ಊಟ ಮುಚ್ಚಿಟ್ಟೆ. ಆಮೇಲೆ ಅಮ್ಮನ ಪಾಲನ್ನೂ ಬೇರೆ ಬಡಿಸಿ, ಅವಳು ಬಾಯಿ ತೆರೆಯುವವರೆಗೆ ಇರಲಿ ಎಂದು ಅದನ್ನೂ ಮುಚ್ಚಿಟ್ಟೆ.