ನೆಲ ಡೊಂಕು

ಪೆಟ್ಟಿಗೆಯನ್ನು ಮೂರನೆಯ ಮಹಡಿಗೆ ಅವನೊಬ್ಬನೇ ಹೊತ್ತು ತಂದ. ಇಪ್ಪತ್ತೆಂಟು ವರ್ಷದಿಂದ ಊರಿನವರ ಕಟ್ಟಡಗಳಿಗೆಲ್ಲ ಲಿಫ್ಟ್ ಕೂರಿಸುತ್ತ ಬಂದವನು. ತಾನಿರುವ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇರಲಿಲ್ಲ. ಹಾಗಾಗಿ ಬಾಗಿಲು ತಟ್ಟುವ ಹೊತ್ತಿಗೆ ಏದುಸಿರು ಬಿಡುತ್ತಿದ್ದ.

ಹೆಂಡತಿ ಗೋಡೆಗೆ ಒಂದು ಕೈ ಊರಿಕೊಂಡು ಬಂದು ಬಾಗಿಲು ತೆಗೆದಳು. "ಏನ್ರೀ ಅದು?"

"ನಿನ್ನ ಸೈಕಲ್ಲಿಗೆ. ಹಿಂದಿನ ಚಕ್ರ ತೆಗೆದು ಇದರ ಮೇಲೆ ಕೂರಿಸೋದು. ಕೋಣೇಲೇ ತುಳೀಬಹುದು. ಪರದೆ ಮೇಲೆ ರಸ್ತೆ ಕಾಣುತ್ತೆ, ಏರು ಬಂದ್ರೆ ತಾನೇ ಬಿಗಿಯಾಗುತ್ತೆ, ಇಳಿಜಾರಲ್ಲಿ ಸಡಿಲ ಆಗುತ್ತೆ. ಬೀಳೋ ಭಯವೇ ಇಲ್ಲ."

ಅವಳು ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು. "ತರೋ ಮುಂಚೆ ಒಂದು ಮಾತು ಕೇಳ್ಬಹುದಿತ್ತು," ಎಂದು ಹೇಳಿ, ಮತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅವಳಿಗೆ ಸೈಕಲ್ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಕೂತು ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ ಅವಳದು. ಕುತ್ತಿಗೆ ಹಿಡಿಯುತ್ತದೆ ಎಂದು ಬೆಳಗಿನ ಹೊತ್ತು ಒಂದು ಗುಂಪಿನ ಜತೆ ಸೈಕಲ್ ತುಳಿಯಲು ಶುರು ಮಾಡಿದವಳು ಹನ್ನೊಂದು ವರ್ಷ ಬಿಡಲಿಲ್ಲ. ಆ ಗುಂಪಿಗೆ ಅರವತ್ತು ವಯಸ್ಸಿನ ಒಬ್ಬ ಹಲ್ಲಿನ ಡಾಕ್ಟರಮ್ಮ ಮುಂದಾಳು. ಅವರೇ ಇವಳಿಗೆ "ಇರುವೆ" ಎಂದು ಹೆಸರಿಟ್ಟವರು. ಎಲ್ಲರಿಗಿಂತ ಹಿಂದೆ ಬರುತ್ತಾಳೆ, ಆದರೆ ಎಲ್ಲೂ ನಿಲ್ಲುವುದಿಲ್ಲ, ಎಷ್ಟು ದೂರವಾದರೂ ತಲುಪುತ್ತಾಳೆ ಎಂದು.

ನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ಅವಳ ಎಡಗಿವಿ ಗಪ್ಪನೆ ಮುಚ್ಚಿಕೊಂಡಿತು. ಒಳಗೆ ಜೀರುಂಡೆ ಕೂತ ಹಾಗೆ ಒಂದೇ ಸಮನೆ ಸದ್ದು. ನಡೆಯುವಾಗ ಸ್ವಲ್ಪ ತೂರಾಟ. ಆಗ ಅವನು ಎಂಟು ಮಹಡಿಯ ಕಟ್ಟಡವೊಂದರಲ್ಲಿ ಎರಡು ಲಿಫ್ಟ್ ಒಟ್ಟಿಗೆ ಕೂರಿಸುತ್ತಿದ್ದ. ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿತ್ತು, ಉಸಿರಾಡಲೂ ಪುರುಸೊತ್ತಿರಲಿಲ್ಲ.

"ನೆಲ ವಾಲಿದ ಹಾಗಾಗುತ್ತೆ ರೀ," ಎಂದಿದ್ದಳು.

ಅವನು ಬೂಟಿನ ದಾರ ಕಟ್ಟುತ್ತ ನಕ್ಕಿದ್ದ. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಕಿವಿಗೆ ಗಾಳಿ ಹೊಕ್ಕಿರುತ್ತೆ, ಹತ್ತಿ ಇಟ್ಕೋ. ಭಾನುವಾರ ಡಾಕ್ಟರ ಹತ್ರ ಹೋಗೋಣ."

ಆ ಭಾನುವಾರ ಕೆಲಸ ಬಂತು. ಮುಂದಿನ ಭಾನುವಾರವೂ ಬಂತು. ಮೂರನೆಯ ಭಾನುವಾರಕ್ಕೆ ಎರಡು ದಿನ ಇರುವಾಗ ಅವಳು ಬಚ್ಚಲುಮನೆಯಲ್ಲಿ ಬಿದ್ದಳು. ಅಲ್ಲಿಂದ ಇಬ್ಬರೂ ಆಸ್ಪತ್ರೆಗೆ ಹೋದರು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಾಗದ ನೋಡಿ, ಮೆಲ್ಲಗೆ ಕೇಳಿದರು: "ಯಾವಾಗಿಂದ ಹೀಗೆ?" ಅವಳು ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. "ಮೊದಲ ವಾರದಲ್ಲೇ ಬಂದಿದ್ರೆ ಔಷಧಿ ಕೆಲಸ ಮಾಡೋ ಸಾಧ್ಯತೆ ಇತ್ತು. ಖಂಡಿತ ಅಂತ ಹೇಳೋಕಾಗಲ್ಲ. ಸಾಧ್ಯತೆ ಇತ್ತು." ತೂರಾಟ ನಿಧಾನಕ್ಕೆ ಕಡಿಮೆಯಾದೀತು, ಕಿವಿ ಮಾತ್ರ ವಾಪಸ್ಸು ಬರುವುದಿಲ್ಲ ಎಂದರು.

ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳಬಲ್ಲವನೆಂದು ಅವನಿಗೆ ಕೆಲಸದಲ್ಲಿ ಹೆಸರಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಯಾರಾದರೂ ಆ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಶನಿವಾರ ರಜೆ ಹಾಕಿ ಯಂತ್ರ ಕೂರಿಸಲು ಕೂತ. ಸೂಚನೆಯ ಪುಸ್ತಕವನ್ನು ತೆರೆಯಲೇ ಇಲ್ಲ. ಎಂಟು ಮಹಡಿ ಲಿಫ್ಟ್ ಎತ್ತಿದವನಿಗೆ ಇದೇನು ಮಹಾ! ಕಾಲುಗಳನ್ನು ಬಿಡಿಸಿ ನಿಲ್ಲಿಸಿದ, ಕೆಳಗೆ ರಬ್ಬರಿನ ಚಾಪೆ ಹಾಸಿದ, ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿದ, ಗೇರಿನ ಹಲ್ಲುಗಾಲಿಗಳನ್ನು ಯಂತ್ರಕ್ಕೆ ಏರಿಸಿ ಬಿಗಿದ, ಚೈನು ಹಾಕಿದ. ಪೆಡಲ್ ತಿರುಗಿಸಿದರೆ ಚೈನು ಟಕಟಕ ಎಂದು ಹಲ್ಲಿನಿಂದ ಹಲ್ಲಿಗೆ ಹಾರತೊಡಗಿತು. ಬಿಚ್ಚಿದ, ಕಟ್ಟಿದ, ಮತ್ತೆ ಅದೇ ಕಥೆ. ಕೊನೆಗೆ ಸೋತು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ.

"ಪೆಟ್ಟಿಗೇಲಿ ಒಂದು ಸಣ್ಣ ಬಳೆ ಉಳ್ಕೊಂಡಿದೆಯಾ ನೋಡಿ," ಎಂದರು ಡಾಕ್ಟರು.

ಪೆಟ್ಟಿಗೆ ಬೋರಲು ಹಾಕಿದ. ತೆಳ್ಳನೆಯ ಉಕ್ಕಿನ ಬಳೆಯೊಂದು ಟಿಣ್ ಎಂದು ನೆಲಕ್ಕೆ ಬಿತ್ತು. "ಇದೆ," ಎಂದ.

"ಅದು ಹಲ್ಲುಗಾಲಿಗಳ ಹಿಂದೆ ಹೋಗ್ಬೇಕು. ಹಲ್ಲಿನ ವಿಷಯ ನನ್ನ ಕೇಳಿ, ಲಿಫ್ಟಿನದು ನೀವು ನೋಡ್ಕೊಳ್ಳಿ." ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ, "ಇರುವೆ ಹೇಗಿದ್ದಾಳೆ?" ಎಂದು ಕೇಳಿದರು.

"ಇದ್ದಾಳೆ," ಎಂದಷ್ಟೇ ಹೇಳಿದ.

ಬಳೆ ಹಾಕಿದ ಮೇಲೆ ಚೈನು ನೆಟ್ಟಗೆ ಓಡಿತು. ಅಲ್ಲಿಂದ ಮುಂದಿನದು ಅವನಿಗೆ ಗೊತ್ತಿಲ್ಲದ ಲೋಕ. ಪೆಡಲ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುವ ಗುಂಡಿಯಂಥ ಸೆನ್ಸರನ್ನು ಪೆಡಲಿನ ಕೈಗೆ ಕಟ್ಟಿದ. ಎದೆಬಡಿತ ಅಳೆಯುವ ಪಟ್ಟಿಯನ್ನು ತನ್ನ ಎದೆಗೇ ಬಿಗಿದು ನೋಡಿದ, ಏನೂ ತೋರಿಸಲಿಲ್ಲ. ಪಟ್ಟಿಯ ಒಳಭಾಗಕ್ಕೆ ನೀರು ಸವರಬೇಕೆಂದು ಈ ಸಲ ಪುಸ್ತಕ ಓದಿ ತಿಳಿದುಕೊಂಡ. ಟ್ಯಾಬಿನಲ್ಲಿ ಆ್ಯಪ್ ಹಾಕಿ, ಯಂತ್ರ ಎಲ್ಲಿದೆ ಎಂದು ಹುಡುಕಿಸಿದರೆ "ಸಿಗಲಿಲ್ಲ" ಎಂದೇ ಬರುತ್ತಿತ್ತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಮೊದಲು ಜೋಡಿಸಿ ನೋಡಿದ್ದ ಅವನ ಜೇಬಿನ ಫೋನೇ ಯಂತ್ರವನ್ನು ಹಿಡಿದುಕೊಂಡು ಕೂತಿತ್ತು. ಒಮ್ಮೆಗೆ ಒಬ್ಬರ ಮಾತನ್ನು ಮಾತ್ರ ಕೇಳುವ ಯಂತ್ರ ಅದು. ಫೋನಿನಲ್ಲಿ ಬ್ಲೂಟೂತ್ ಆರಿಸಿದ ಕೂಡಲೇ ಟ್ಯಾಬಿನಲ್ಲಿ ಹಸಿರು ಚುಕ್ಕಿ ಮೂಡಿತು. ಕೊನೆಗೆ ತಾನೇ ಹತ್ತಿ ಜೋರಾಗಿ ತುಳಿದು, ಒಮ್ಮೆಲೇ ಕಾಲು ನಿಲ್ಲಿಸಿ, ಒಳಗಿನ ಭಾರದ ಚಕ್ರ ತಾನಾಗಿ ನಿಲ್ಲುವವರೆಗೆ ಕಾದ. ಅಳತೆ ಸರಿಹೊಂದಿತು ಎಂದು ಪರದೆ ಹೇಳಿತು.

ಇನ್ನು ಅವಳು ಫೋನಿನಲ್ಲಿ ಸವಾರಿಗಳ ಲೆಕ್ಕ ಇಡುತ್ತಿದ್ದ ಖಾತೆ ಬೇಕಿತ್ತು. ಮಧ್ಯಾಹ್ನದ ಹೊತ್ತು, ಅವಳು ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ದಳು. ಹಾಗೆ ಮಲಗಿದರೆ ಲೋಕದ ಸದ್ದೇ ಇರುವುದಿಲ್ಲ. ಗುಪ್ತಪದವನ್ನು ಬೆಳಗ್ಗೆಯೇ ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ಹಾಕಿದ ಕೂಡಲೇ ಅವಳ ಹಳೆಯ ಸವಾರಿಗಳೆಲ್ಲ ಒಂದೊಂದಾಗಿ ಟ್ಯಾಬಿಗೆ ಇಳಿಯತೊಡಗಿದವು. ಹನ್ನೊಂದು ವರ್ಷದ್ದು. ಪ್ರತಿಯೊಂದರ ಕೆಳಗೂ ಅವಳು ಒಂದೆರಡು ಸಾಲು ಬರೆದಿಟ್ಟಿದ್ದಳು ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

"ಸೇತುವೆ ಮೇಲೆ ಎದುರುಗಾಳಿ. ಡಾಕ್ಟರೇ ಬೈದುಕೊಂಡರು, ನಾನು ಬೈಯಲಿಲ್ಲ."

"ಗೇಟಿನ ಹತ್ತಿರ ನಾಯಿಮರಿ ಹಿಂಬಾಲಿಸಿತು. ಅದಕ್ಕೂ ನನಗೂ ಒಂದೇ ವೇಗ."

ಅವನಿಗೆ ನಗು ಬಂತು. ಮನೆಯಲ್ಲಿ ಇಷ್ಟು ತಮಾಷೆ ಮಾಡುವವಳಲ್ಲ ಅವಳು. ಅಥವಾ ಮಾಡುತ್ತಿದ್ದಾಗ ತಾನು ಬೂಟು ಕಟ್ಟುತ್ತಿದ್ದೆನೇನೋ. ಬೆರಳಿನಿಂದ ಪರದೆ ಸರಿಸುತ್ತ ಕೊನೆಯ ವಾರಗಳಿಗೆ ಬಂದ.

"ಎಡಗಿವಿ ಮುಚ್ಚಿದೆ. ಒಂದು ಸಲ ಇಳಿದೆ."

"ತಿರುವಿನಲ್ಲಿ ನೆಲ ವಾಲಿತು. ಮೂರು ಸಲ ಇಳಿದೆ. ಮನೆಯಲ್ಲಿ ಹೇಳಿದೆ. ಗಾದೆ ಹೇಳಿದರು."

"ಭಾನುವಾರ. ಅವರಿಗೆ ಕೆಲಸ. ನಾನೇ ಹೋಗಬಹುದು. ಆದರೆ ಏನೂ ಇಲ್ಲ ಅಂತ ಡಾಕ್ಟರೂ ನಕ್ಕರೆ? ನಿಜವಾಗಿ ನನಗೇ ಕುಣಿಯಲು ಬರುವುದಿಲ್ಲವೇನೋ."

ಕೊನೆಯದು ಎರಡು ಕಿಲೋಮೀಟರಿನದು. "ತಳ್ಳಿಕೊಂಡು ಬಂದೆ."

ಅವನು ರಬ್ಬರಿನ ಚಾಪೆಯ ಮೇಲೆ ಕುಸಿದು ಕೂತ. ಕಿವಿಯ ಡಾಕ್ಟರು "ಸಾಧ್ಯತೆ" ಎಂದಾಗ ನೋವಾಗಿತ್ತು, ಆದರೆ ಆ ಮಾತಿನಲ್ಲಿ ಒಂದು ಆಸರೆಯೂ ಇತ್ತು: ಬೇಗ ಹೋಗಿದ್ದರೂ ಹೀಗೇ ಆಗುತ್ತಿತ್ತೇನೋ ಎಂದುಕೊಳ್ಳಬಹುದಿತ್ತು. ಹಾಗೆಂದುಕೊಂಡೇ ಅವನು ಮೂರು ತಿಂಗಳು ಕಳೆದಿದ್ದ. ಅವಳು ಒಬ್ಬಳೇ ಯಾಕೆ ಹೋಗಲಿಲ್ಲ ಎಂದು ಒಳಗೊಳಗೇ ಅವಳ ಮೇಲೂ ಒಂದಿಷ್ಟು ತಪ್ಪು ಹೊರಿಸಿದ್ದ. ಈಗ ಗೊತ್ತಾಯಿತು. ಅವಳ ಕಾಲು ತಡೆದದ್ದು ಕೆಲಸವೂ ಅಲ್ಲ, ಭಾನುವಾರವೂ ಅಲ್ಲ. ತನ್ನ ನಗು.

ಸಂಜೆ ಅವಳನ್ನು ಹಿಡಿದು ಸೈಕಲ್ ಹತ್ತಿಸಿದ. ಟ್ಯಾಬನ್ನು ಟೀವಿಗೆ ಜೋಡಿಸಿದ್ದ. ಗೋಡೆಯಷ್ಟಗಲ ರಸ್ತೆ, ಎರಡು ಕಡೆ ಮರ, ನಡುವೆ ಒಂದು ಪುಟ್ಟ ಸವಾರ ಬೊಂಬೆ. ಅದರ ತಲೆಯ ಮೇಲೆ "ಇರುವೆ" ಎಂದು ಬರೆದಿತ್ತು. ಅವಳು ಅದನ್ನು ಕಂಡು ಮೊದಲ ಸಲ ನಕ್ಕಳು. ಎರಡು ನಿಮಿಷ ಚೆನ್ನಾಗಿ ತುಳಿದಳು. ಮುಖ ಕೆಂಪಾಯಿತು, ಬೆನ್ನು ಹಳೆಯ ಅಭ್ಯಾಸದಂತೆ ಬಾಗಿತು. ಪರದೆಯ ರಸ್ತೆ ಒಂದು ತಿರುವು ತೆಗೆದುಕೊಂಡಿತು. ಅವಳ ಬಣ್ಣ ಇಳಿದುಹೋಯಿತು.

"ನಿಲ್ಸಿ! ನಿಲ್ಸಿ ರೀ!"

ಅವನು ಓಡಿಬಂದು ಸೊಂಟ ಹಿಡಿದುಕೊಂಡ. ಅವಳು ಅವನ ಭುಜದ ಮೇಲೆಯೇ ವಾಂತಿ ಮಾಡಿಕೊಂಡಳು. ಕೋಣೆ ನಿಂತಿದೆ, ರಸ್ತೆ ತಿರುಗುತ್ತಿದೆ. ಒಂದೇ ಕಿವಿಯ ಬಲದಲ್ಲಿ ನಿಲ್ಲಲು ಕಲಿಯುತ್ತಿದ್ದ ತಲೆಗೆ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ. ಇಳಿಸಿ ಚಾಪೆಯ ಮೇಲೆ ಕೂರಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿದ. ಟೀವಿ ಆರಿಸಿದ. ಅವಳ ಪಕ್ಕದಲ್ಲಿ ಕೂತು ಏನೋ ಹೇಳತೊಡಗಿದ.

"ಈ ಕಡೆ ಬನ್ನಿ. ಆ ಕಡೆ ಕೇಳಲ್ಲ."

ಅವನು ಬಲಕ್ಕೆ ಬಂದು ಕೂತ. "ನೀನು ಬರೆದದ್ದು ಓದಿದೆ."

"ನೀವು ಓದ್ಲಿ ಅಂತ ಬರ್ದಿದ್ದಲ್ಲ ಅದು."

"ಗೊತ್ತು."

"ಅಳಿಸ್ಬೇಕು ಅಂದ್ಕೊಂಡಿದ್ದೆ. ಫೋನು ನೋಡಿದ್ರೆ ತಲೆ ಸುತ್ತುತ್ತೆ, ಹಾಗೇ ಉಳೀತು."

"ನಾನು ಆ ಮಾತು ಆಡಬಾರದಿತ್ತು. ನಾನು ನಕ್ಕಿದ್ದಕ್ಕೆ..." ಐವತ್ತೈದರ ಗಂಡಸು, ವಾಂತಿಯಾದ ಅಂಗಿಯಲ್ಲೇ ಕೂತು ಬಿಕ್ಕಿದ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು. "ಆಯ್ತು ಬಿಡಿ. ಆಗಿದ್ದು ಆಯ್ತು," ಎಂದಳು. ಆ ಸಮಾಧಾನ ಅವನಿಗೆ ಎಷ್ಟು ಹಿತವಾಯಿತೆಂದರೆ, ಕೊಡುತ್ತಿರುವವಳು ಇನ್ನೊಂದು ಕೈಯಲ್ಲಿ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಕಾಣಲಿಲ್ಲ.

ಮರುದಿನ ಯಂತ್ರವನ್ನು ವಾಪಸ್ಸು ಕಳಿಸಿಬಿಡುತ್ತೇನೆ ಎಂದ. ಅವಳು ಬೇಡವೆಂದಳು. "ಪರದೆ ತೆಗೀರಿ. ಖಾಲಿ ಗೋಡೆ ಕಡೆ ತಿರುಗಿಸಿ. ಕಣ್ಣು ಒಂದು ಕಡೆ ನೆಟ್ಟರೆ ಆಗ್ಬಹುದು." ಕಿವಿಯ ಡಾಕ್ಟರನ್ನು ಕೇಳಿದರು, ನಿಧಾನಕ್ಕೆ ಮಾಡಲಿ, ಒಳ್ಳೆಯದೇ ಎಂದರು ಅವರು. ಹಾಗಾಗಿ ಅಷ್ಟೆಲ್ಲ ಜಾಣತನದ ಯಂತ್ರ ಸುಣ್ಣದ ಗೋಡೆಗೆ ಮುಖ ಮಾಡಿ ನಿಂತಿತು. ಗೋಡೆಯ ಮೇಲೆ ಅವಳು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟುಕೊಂಡಳು. ಅವನು ಟ್ಯಾಬನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅವಳ ಬಲಗಡೆ ಮಣೆ ಹಾಕಿ ಕೂತು ಅಂಕಿಗಳನ್ನು ಓದಿ ಹೇಳುತ್ತಿದ್ದ. "ಎದೆಬಡಿತ ನೂರ ಹತ್ತು. ಪೆಡಲ್ ನಿಮಿಷಕ್ಕೆ ಅರವತ್ತೆರಡು. ಈಗ ಸಣ್ಣ ಏರು ಬರುತ್ತೆ, ಬಿಗಿ ಆಗುತ್ತೆ ನೋಡು."

ಮೊದಲ ವಾರ ಐದು ನಿಮಿಷ, ಆಮೇಲೆ ಎಂಟು, ಹನ್ನೆರಡು. ಕೆಲಸಕ್ಕೆ ತಡವಾಗಿ ಹೋಗತೊಡಗಿದ ಅವನನ್ನು ಜತೆಯವರು ಕಿಚಾಯಿಸಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿದಿನ ಅವಳು ಇಳಿದ ಮೇಲೆ ಟವೆಲ್ಲು ಕೊಡುತ್ತ, ಯಾವುದಾದರೂ ನೆಪದಲ್ಲಿ ಆ ಮಾತಿಗೇ ಬರುತ್ತಿದ್ದ. ಅವತ್ತೇ ಕರಕೊಂಡು ಹೋಗಿದ್ರೆ. ನನ್ನ ಬಾಯಿಗೆ ಬೆಂಕಿ ಬೀಳ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ಅವಳು ಪ್ರತಿದಿನ "ಆಯ್ತು ಬಿಡಿ" ಎನ್ನುತ್ತಿದ್ದಳು.

ಆರನೆಯ ವಾರದ ಒಂದು ಬೆಳಗ್ಗೆ ಅವಳು ಇಪ್ಪತ್ತು ನಿಮಿಷ ತುಳಿದಳು. ಇಳಿದು, ಗೋಡೆ ಹಿಡಿಯದೆ ನಿಂತಳು. ಅವನು ಹಿಗ್ಗಿ, ಕೂಡಲೇ ಕಣ್ಣು ತುಂಬಿಕೊಂಡು, "ನಾನು ಅವತ್ತು ಮಾತ್ರ..." ಎಂದು ಶುರು ಮಾಡಿದ.

"ಸಾಕು ರೀ."

ಅವಳು ದನಿ ಏರಿಸಲಿಲ್ಲ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೇಳಿದಳು. "ನೀವು ದಿನಾ ಕ್ಷಮೆ ಕೇಳ್ತೀರ. ಕೇಳಿದಾಗೆಲ್ಲ ನಾನು ಸಮಾಧಾನ ಮಾಡ್ಬೇಕು. ಕಿವಿ ಹೋಗಿದ್ದು ನಂದು, ಸಮಾಧಾನ ಮಾಡೋ ಕೆಲ್ಸಾನೂ ನಂದೇನಾ? ಅಷ್ಟು ಶಕ್ತಿ ನನ್ನಲ್ಲಿಲ್ಲ. ಇದ್ದಿದ್ರೆ ಇನ್ನೆರಡು ನಿಮಿಷ ತುಳೀತಿದ್ದೆ."

ಅವಳು ಟವೆಲ್ಲನ್ನು ಸೈಕಲ್ಲಿನ ಹ್ಯಾಂಡಲಿಗೆ ಹಾಕಿದಳು.

"ನಾನು ನಿಮ್ಮನ್ನ ಕ್ಷಮಿಸಿದ್ದೀನಾ ಅಂತ ನಂಗೆ ಇನ್ನೂ ಗೊತ್ತಿಲ್ಲ. ಕೆಲವು ದಿನ ಹೂಂ, ಕೆಲವು ದಿನ ಇಲ್ಲ. ನೀವು ಸುಮ್ನೆ ಪಕ್ಕದಲ್ಲಿ ಕೂತು ಅಂಕಿ ಓದಿ. ಅಷ್ಟು ಸಾಕು."

ಅಂದಿನಿಂದ ಅವನು ಆ ಮಾತು ಎತ್ತಲಿಲ್ಲ. ಬಿಡುವುದು ಸುಲಭವಾಗಿರಲಿಲ್ಲ, ಹೇಳಿಕೊಂಡಾಗ ಹಗುರಾಗುತ್ತಿದ್ದುದು ಈಗ ಒಳಗೇ ಉಳಿಯುತ್ತಿತ್ತು, ಕೆಲಸದ ನಡುವೆ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಗ್ರೀಸ್ ಬಳಿಯುವಾಗ, ಮೆಟ್ಟಿಲು ಹತ್ತುವಾಗ ಇರಿಯುತ್ತಿತ್ತು. ಇರಿಯಲಿ ಎಂದು ಬಿಟ್ಟ. ಹಲ್ಲಿನ ಡಾಕ್ಟರು ಒಮ್ಮೆ ಬಂದು, ಗೋಡೆಗೆ ಮುಖ ಮಾಡಿದ ಸೈಕಲ್ಲನ್ನು ನೋಡಿ, ರಸ್ತೆಗೆ ಯಾವಾಗ ಬರುತ್ತೀಯ ಎಂದು ಅವಳನ್ನು ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಹಿಂದಿನಿಂದ ಬರುವ ಗಾಡಿ ಎಡಕ್ಕಿದೆಯೋ ಬಲಕ್ಕಿದೆಯೋ ಒಂದು ಕಿವಿಗೆ ತಿಳಿಯುವುದಿಲ್ಲ, ರಸ್ತೆ ಇನ್ನಿಲ್ಲ ಎಂದಳು. ಚಹಾ ಲೋಟಗಳನ್ನು ಹಿಡಿದು ಬರುತ್ತಿದ್ದ ಅವನು ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಲೋಟಗಳನ್ನು ಮೇಜಿನ ಮೇಲಿಟ್ಟು, ಅವಳ ಬಲಗಡೆ ಬಂದು ಕೂತ.