ಮಾತು ಬರುವ ತನಕ

ತೀರಿಕೊಂಡ ಅಕ್ಕನ ಎಡತೋಳು ಕೋಟಿನೊಳಗೆ ಹೋಗಲೊಲ್ಲದು. ತಂಗಿ ಒಮ್ಮೆ ಎಳೆದು ನೋಡಿದಳು, ಇನ್ನೊಮ್ಮೆ ನಯವಾಗಿ ತೂರಿಸಿ ನೋಡಿದಳು. ಕೊನೆಗೆ ಕೈಚೀಲದಿಂದ ಕತ್ತರಿ ತೆಗೆದು ಕೋಟಿನ ಬೆನ್ನಿನ ಹೊಲಿಗೆಯನ್ನು ಕತ್ತಿನಿಂದ ಸೊಂಟದ ತನಕ ಬಿಚ್ಚಿಬಿಟ್ಟಳು.

“ಅಯ್ಯೋ, ಅಷ್ಟು ಚೆಂದದ ಕೋಟು!” ಎಂದಳು ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯಾಕೆ.

“ನಾನೇ ಹೊಲಿದಿದ್ದು, ನಾನೇ ಬಿಚ್ಚಿದೆ. ಮಲಗಿದವಳ ಬೆನ್ನು ಯಾರು ನೋಡ್ತಾರೆ, ಬಿಡಿ.”

ಈಗ ಕೋಟು ಅಕ್ಕನ ಮೈಮೇಲೆ ಸಲೀಸಾಗಿ ಕೂತಿತು. ತಂಗಿ ದರ್ಜಿ; ಬೇರೆ ಊರಿನಲ್ಲಿ ಅಂಗಡಿ ಇಟ್ಟುಕೊಂಡವಳು. ಸುದ್ದಿ ಕೇಳಿ ನಿನ್ನೆ ಸಿಕ್ಕ ಬಸ್ಸು ಹತ್ತಿ ಬಂದಿದ್ದಳು. ಬಂದಾಗಿನಿಂದ ಅವಳ ಬಾಯಿಗೆ ಬಿಡುವಿಲ್ಲ. ಸುಮ್ಮನಾದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಪತ್ರಿಕೆಗೆ ಎರಡು ಸಾಲಿನ ಸುದ್ದಿ ಕೊಟ್ಟವಳೂ ಅವಳೇ, ಕೆಳಗೆ ಈ ಮನೆಯ ಫೋನ್ ನಂಬರ್ ಹಾಕಿಸಿದವಳೂ ಅವಳೇ. ಅಕ್ಕ ಟೀಚರ್ ಆಗಿದ್ದವಳು, ಇದೇ ಹೊರಕೋಣೆಯಲ್ಲಿ ಎಷ್ಟೋ ಜನಕ್ಕೆ ಕಲಿಸಿದವಳು. ಅವರೆಲ್ಲ ಬಂದರೆ ಕೂರಿಸುವುದೆಲ್ಲಿ ಎಂದು ಪಕ್ಕದ ಮನೆಯಿಂದ ಕುರ್ಚಿಗಳನ್ನೂ ತರಿಸಿದ್ದಳು.

ಒಬ್ಬರೂ ಬಂದಿರಲಿಲ್ಲ.

ಮೂಲೆಯಲ್ಲಿದ್ದ ಹಳೇ ಫೋನು ಬಡಿದುಕೊಂಡಿತು. ತಂಗಿ ಓಡಿ ಹೋಗಿ ಎತ್ತಿಕೊಂಡಳು.

“ಹಲೋ? ಯಾರು? ಹಲೋ... ಕೇಳಿಸ್ತಿದೆಯಾ? ಅಯ್ಯೋ, ಬಾಯಿಲ್ವಾ ನಿಮಗೆ? ಸಾವಾದ ಮನೆ ಇದು!” ಎಂದು ರಿಸೀವರನ್ನು ಕುಕ್ಕಿದಳು. “ಬೆಳಗ್ಗಿಂದ ಇದೇ ಗೋಳು. ಮಾಡ್ತಾರೆ, ಸುಮ್ಮನಿರ್ತಾರೆ. ಪತ್ರಿಕೇಲಿ ನಂಬರ್ ಕಂಡ್ರೆ ಸಾಕು, ಪೋಲಿಗಳಿಗೆ ಆಟ.”

ಪಕ್ಕದ ಮನೆಯಾಕೆ ತಲೆ ಆಡಿಸಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೊರಟು ಹೋದಳು. ಕೋಣೆಯಲ್ಲಿ ಅಕ್ಕ ತಂಗಿ ಇಬ್ಬರೇ ಉಳಿದರು.

*

ಅಕ್ಕ ಮೊದಲು ಆಸ್ಪತ್ರೆಯಲ್ಲಿ ಮಾತು ಕಲಿಸುವ ಕೆಲಸದಲ್ಲಿದ್ದಳು. ಮಾತು ತೊದಲುವವರನ್ನೆಲ್ಲ ಅವಳ ಕೋಣೆಗೆ ಕಳಿಸುತ್ತಿದ್ದರು. ಒಂದು ವರ್ಷ ಅಲ್ಲಿಗೆ ಹೊಸ ಮುಖ್ಯಸ್ಥರು ಬಂದರು. ಯಾವ ಕೋಣೆಯಲ್ಲಿ ಎಷ್ಟು ಪ್ರಗತಿ ಎಂದು ಅಳೆದೇ ನೋಡಬೇಕು ಎಂದವರು, ಅಕ್ಕನ ಕೋಣೆಗೂ ಗಡಿಯಾರ ಹಿಡಿದು ಬಂದು ಕೂತರು. ನಿಮಿಷಕ್ಕೆ ಎಷ್ಟು ಸಲ ನಾಲಿಗೆ ತಡವರಿಸುತ್ತದೆ? ಬಂದಾಗ ಎಷ್ಟಿತ್ತು, ಈಗ ಎಷ್ಟಾಗಿದೆ? ಎಣಿಸಿ ನೋಡಿದರೆ ಅಕ್ಕನ ಹತ್ತಿರ ಕಲಿತವರು ಮೊದಲಿಗಿಂತ ಹೆಚ್ಚೇ ತೊದಲುತ್ತಿದ್ದರು.

“ಹೆಚ್ಚಾಗದೆ ಇನ್ನೇನು?” ಎಂದು ಅಕ್ಕ ಆಮೇಲೆ ತಂಗಿಯ ಮುಂದೆ ಗೊಣಗಿದ್ದಳು. “ಬರೋವಾಗ ಅವರು ಬಾಯೇ ಬಿಡ್ತಿರಲಿಲ್ಲ. ಬಾಯಿ ಬಿಡದವರು ತೊದಲೋದು ಎಲ್ಲಿಂದ ಬಂತು? ಈಗ ಮಾತಾಡ್ತಾರೆ, ಅದಕ್ಕೇ ತೊದಲ್ತಾರೆ.”

“ಅದನ್ನ ಅವರ ಮುಖಕ್ಕೇ ಹೇಳಬೇಕಿತ್ತು.”

“ಹೇಳಿದೆ. ‘ಹಾಗಾದ್ರೆ ನೀವು ಗುಣ ಮಾಡಿದ್ದೇನು, ತೋರಿಸಿ’ ಅಂದ್ರು. ಏನಂತ ತೋರಿಸಲಿ?”

ಕೆಲಸ ಹೋಯಿತು. ಅಕ್ಕ ಮನೆಯಲ್ಲೇ ಕಲಿಸತೊಡಗಿದಳು. ತಂಗಿಯ ತಲೆಗೆ ಇದೆಲ್ಲ ಹೋಗುತ್ತಿರಲಿಲ್ಲ. ಅವಳ ಕಸುಬಿನಲ್ಲಿ ಟೇಪು ಹಿಡಿದರೆ ಮುಗಿಯಿತು. ಅಂಗಿ ಮೈಗೆ ಕೂರಬೇಕು, ಕೂರದಿದ್ದರೆ ಗಿರಾಕಿ ಅಲ್ಲೇ ಮುಖಕ್ಕೆ ಎಸೆದು ಹೋಗುತ್ತಾನೆ.

“ಅಲ್ಲ ಕಣೇ ಅಕ್ಕ, ಇವರು ಸುಧಾರಿಸಿದ್ರು ಅಂತ ನಿನಗೆ ಹೇಗೆ ಗೊತ್ತಾಗತ್ತೆ?”

“ಬರೋದು ನಿಲ್ಲಿಸ್ತಾರೆ.”

“ಬೇಸತ್ತವರೂ ಬರೋದು ನಿಲ್ಲಿಸ್ತಾರಲ್ಲ?”

ತಟ್ಟೆ ತೊಳೆಯುತ್ತಿದ್ದ ಅಕ್ಕ ನಕ್ಕಳು. “ಹೂಂ, ಅದೇ ತಾಪತ್ರಯ. ನನ್ನ ಬಾಗಿಲಲ್ಲಿ ನಿಂತು ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ.” ಆ ನಗು ಬಹಳ ಹೊತ್ತು ಉಳಿಯಲಿಲ್ಲ. “ಬೀದೀಲಿ ಎದುರಾದ್ರೂ ಕೆಲವರು ನೋಡದ ಹಾಗೆ ಹೋಗ್ತಾರೆ. ನಿಂತ್ರೆ ಜೊತೇಲಿರೋರಿಗೆ ನಾನು ಯಾರು ಅಂತ ಹೇಳಬೇಕಲ್ಲ, ಪಾಪ.”

ಇಷ್ಟು ವರ್ಷ ಒಂಟಿಯಾಗಿ ಕೂತು, ಊರವರ ನಾಲಿಗೆ ತಿದ್ದಿ, ಕೊನೆಗೆ ಅವರ ಕಣ್ಣಿಗೂ ಬೇಡವಾಗುವ ಈ ಬಾಳು ಅಕ್ಕನಿಗೆ ಯಾಕೆ ಬೇಕಿತ್ತು ಎಂದು ತಂಗಿ ಅಂದಿನಿಂದಲೂ ಕೇಳಿಕೊಳ್ಳುತ್ತಲೇ ಇದ್ದಳು.

*

“ಅಮ್ಮಾ, ಇನ್ನು ಯಾರಾದ್ರೂ ಬರೋರಿದ್ದಾರಾ?” ವ್ಯಾನಿನ ಚಾಲಕ ಬಾಗಿಲಲ್ಲಿ ಇಣುಕಿದ. “ಚಿತಾಗಾರದಲ್ಲಿ ನಮ್ಮ ಸರದಿ ತಪ್ಪಿದ್ರೆ ಮತ್ತೆ ಸಂಜೇನೇ.”

“ಸ್ವಲ್ಪ ಇರಪ್ಪ.”

ಅವನ ಹಿಂದೆಯೇ ಎದುರಿನ ಹಾರ್ಡ್‌ವೇರ್ ಅಂಗಡಿಯವರು ಬಂದರು. ಅಂಗಡಿಯ ಬಾಗಿಲು ಎಳೆದು ಬಂದಿದ್ದರು. ಅಕ್ಕನ ಮುಖವನ್ನು ನೋಡುತ್ತ ಒಂದಷ್ಟು ಹೊತ್ತು ನಿಂತು, ಕುರ್ಚಿಯ ತುದಿಯಲ್ಲಿ ಕೂತರು.

“ನಿಮ್ಮಕ್ಕ ನನ್ನ ವ್ಯಾಪಾರ ಹಾಳು ಮಾಡಿದ್ರು ತಾಯಿ,” ಎಂದರು. ಕಣ್ಣು ಒದ್ದೆಯಾಗಿತ್ತು. “ಪಾಠದ ಭಾಗ ಅಂತ ಎಲ್ಲರನ್ನೂ ನನ್ನ ಹತ್ತಿರಾನೇ ಕಳಿಸೋರು. ಬಾಗಿಲಿನ ತಿರುಗಣಿಗೆ ಏನು ಬೆಲೆ ಅಂತ ಕೇಳಬೇಕು. ಕೇಳೋಕೆ ಅವರಿಗೆ ಯುಗ ಆಗೋದು, ಹಿಂದೆ ನಿಂತ ಗಿರಾಕಿಗಳು ಬೈಕೊಂಡು ಹೋಗೋರು. ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ಒಂದು ತಿರುಗಣಿ ಕೊಂಡಿದ್ರೆ ಕೇಳಿ!”

ತಂಗಿಗೆ ನಗುವೂ ಬಂತು, ಅಳುವೂ ಬಂತು. “ನಿಜ ಹೇಳಿ ಅಣ್ಣ. ಒಬ್ಬರಾದ್ರೂ ಸರಿ ಹೋದ್ರಾ? ಇಲ್ಲ, ನಮ್ಮಕ್ಕ ಜೀವಮಾನವೆಲ್ಲ ನೀರಲ್ಲಿ ಹೋಮ ಮಾಡಿದ್ಲಾ? ಒಬ್ಬರಾದ್ರೂ ಬರಬಾರದಿತ್ತಾ ಇವತ್ತು?”

“ನಾನೇನು ಹೇಳಲಿ? ಮೊದಲು ಅಂಗಡಿ ಮುಂದೆ ನಿಂತು ಹಾಗೇ ವಾಪಸ್ ಹೋಗೋರು. ಆಮೇಲೆ ಒಳಗೆ ಬರೋರು. ನಾನು ಕಂಡಿದ್ದು ಅಷ್ಟೇ.”

ಫೋನು ಮತ್ತೆ ಬಡಿದುಕೊಂಡಿತು. ತಂಗಿ ಎತ್ತಿದಳು. “ಹಲೋ? ಹಲೋ! ಮತ್ತೆ ನೀನೇನಾ? ಇಡಯ್ಯ ಫೋನು!”

ತಿರುಗಿ ನೋಡಿದರೆ ಅಂಗಡಿಯವರು ಎದ್ದು ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

“ಮಾತಾಡಲಿಲ್ವಾ?”

“ಎಲ್ಲಿ! ಬೆಳಗ್ಗಿಂದ ಹೀಗೇ, ಎಷ್ಟೊಂದು ಸಲ. ಒಬ್ಬನೋ ಹತ್ತು ಜನವೋ, ಯಾರಿಗೆ ಗೊತ್ತು?”

“ಎಲ್ಲಾ ಫೋನೂ ಇಟ್ಟುಬಿಟ್ರಾ?”

“ಇನ್ನೇನು ಮಾಡಲಿ?”

“ತಾಯಿ...” ಅವರು ಫೋನಿನ ಹತ್ತಿರ ಬಂದರು. “ನಾನೂ ಹಾಗೇ ಮಾಡಿದ್ದೆ. ತಿರುಗಣಿ ಆದ ಮೇಲೆ ಫೋನಿನ ಪಾಠ. ನನ್ನ ಅಂಗಡಿಗೆ ಫೋನ್ ಮಾಡಬೇಕು, ಮೊಳೆ ಇದೆಯಾ ಅಂತ ಕೇಳಬೇಕು. ಎತ್ತಿದ್ರೆ ಸದ್ದೇ ಇರ್ತಿರಲಿಲ್ಲ, ನಾನು ಇಟ್ಟುಬಿಡ್ತಿದ್ದೆ. ಟೀಚರ್ ರಸ್ತೆ ದಾಟಿ ಬಂದು ಚೆನ್ನಾಗಿ ಬೈದ್ರು. ‘ಅವರಿಗೆ ಎಲ್ಲಕ್ಕಿಂತ ಕಷ್ಟ ಫೋನು ಕಣ್ರೀ. ಮೊದಲನೇ ಮಾತು ಗಂಟಲಲ್ಲೇ ಕಟ್ಟಿಕೊಂಡು ನಿಂತಿರತ್ತೆ. ಮಾತಾಡ್ತಾನೇ ಇದ್ದಾರೆ, ನಿಮಗೆ ಕೇಳ್ತಿಲ್ಲ ಅಷ್ಟೇ’ ಅಂದ್ರು.”

ತಂಗಿ ಅಕ್ಕನ ಕಡೆ ನೋಡಿದಳು. ಫೋನಿನ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. ಬಾಯಿಲ್ವಾ ಎಂದು ತಾನು ಕೇಳಿದ್ದು ಯಾರನ್ನು? ಆ ಹಳೇ ಫೋನಿನಲ್ಲಿ ಕರೆದವರ ನಂಬರ್ ಕೂಡ ಉಳಿಯುತ್ತಿರಲಿಲ್ಲ.

*

ಹಿಂದೊಮ್ಮೆ ತಂಗಿ ಈ ಮನೆಗೆ ಬಂದಿದ್ದಾಗ ಎತ್ತರದ ಒಬ್ಬ ಮನುಷ್ಯ ಇದೇ ಬಾಗಿಲಲ್ಲಿ ನಿಂತಿದ್ದ. ಅಕ್ಕ ಒಳಗಿದ್ದಳು. ಅವನು ತಂಗಿಯನ್ನು ಏನೋ ಕೇಳಲು ಬಾಯಿ ತೆರೆದ, ಮಾತು ಸಿಕ್ಕಿಕೊಂಡಿತು, ಕತ್ತಿನ ನರ ಉಬ್ಬಿತು. ನೋಡಲಾರದೆ ತಂಗಿ, “ನೀರು ಬೇಕಾ? ಇರಿ, ತರ್ತೀನಿ,” ಎಂದು ಒಂದು ಲೋಟ ನೀರು ತಂದು ಕೊಟ್ಟಳು. ಅವನು ಬಾಯಾರಿಕೆಯಿಲ್ಲದಿದ್ದರೂ ಅಷ್ಟನ್ನೂ ಕುಡಿದು, ಕೈಮುಗಿದು, ಹಾಗೆಯೇ ಹಿಂದಿರುಗಿ ಹೋದ.

ಅಕ್ಕ ತಂಗಿಗೆ ಜೋರು ಮಾಡುವವಳಲ್ಲ. ಅವತ್ತು ಮಾತ್ರ ಮಾಡಿದಳು. “ಅವರ ಬಾಯಿಂದ ಮಾತು ಕಿತ್ಕೊಂಡೆ ಕಣೇ ನೀನು. ಒಳ್ಳೆ ಮನಸ್ಸಿಂದಾನೇ ಕಿತ್ಕೊಂಡೆ, ಎಲ್ಲರೂ ಹಾಗೇ ಮಾಡೋದು. ನಾನು ಕಲಿಸೋದು ಏನು ಗೊತ್ತಾ? ಏನೂ ಇಲ್ಲ. ಸುಮ್ಮನೆ ಕಾಯ್ತೀನಿ. ಕಾಯೋರು ಒಬ್ಬರಿದ್ದಾರೆ ಅಂತ ಅವರಿಗೆ ಗೊತ್ತಾಗಬೇಕು.”

“ನನ್ನಿಂದ ಆಗಲ್ಲಪ್ಪ,” ಎಂದು ತಂಗಿ ನಕ್ಕುಬಿಟ್ಟಿದ್ದಳು. ಆಮೇಲೆ ಪಾಠದ ಹೊತ್ತಿನಲ್ಲಿ ಅವಳು ಹೊರಕೋಣೆಗೆ ಬರಕೂಡದೆಂದು ಅಕ್ಕ ಕಟ್ಟುನಿಟ್ಟು ಮಾಡಿದಳು.

*

ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಅದು ಸುಮ್ಮನಿತ್ತು. ಬೀದಿಯಲ್ಲಿ ಒಂದು ಬಸ್ಸು ಹೋಯಿತು, ಯಾರದೋ ಮನೆಯಲ್ಲಿ ಪಾತ್ರೆ ಬಿತ್ತು.

“ಇನ್ನು ಮಾಡಲ್ಲ ಬಿಡಿ ಅಣ್ಣ,” ಎಂದಳು ತಂಗಿ. “ನಾನು ಬೈದಿದ್ದಕ್ಕೆ ಯಾವ ಮುಖ ಇಟ್ಕೊಂಡು ಮಾಡ್ತಾರೆ?”

ಚಾಲಕ ವ್ಯಾನು ಚಾಲು ಮಾಡಿದ. ಅಂಗಡಿಯವರು ಅಕ್ಕನನ್ನು ಎತ್ತಿಕೊಳ್ಳಲು ಜನ ಕರೆಯೋಣವೆಂದು ಹೊಸ್ತಿಲು ದಾಟುತ್ತಿದ್ದರು. ಆಗ ಫೋನು ಬಡಿದುಕೊಂಡಿತು.

ತಂಗಿ ರಿಸೀವರ್ ಹಿಡಿದಳು. ಎತ್ತಿ, “ಹಲೋ,” ಎಂದಳು, ಒಂದೇ ಸಲ.

ಏನೂ ಇಲ್ಲ. ಅವಳು ಕಾದಳು. ಬಹಳ ಹೊತ್ತಿನ ಮೇಲೆ, ಗಂಟಲ ಆಳದಲ್ಲಿ ಏನೋ ಒತ್ತಿದಂಥ ಸಣ್ಣ ಸದ್ದು ಕೇಳಿಸಿತು. ಮತ್ತೆ ಮೌನ. ಮತ್ತೆ ಅದೇ ಸದ್ದು. ಹೆಂಗಸಿನದೋ ಗಂಡಸಿನದೋ ತಿಳಿಯಲಿಲ್ಲ.

“ಟ್... ಟ್...”

ಟೀಚರ್ ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅಂಗೈಯನ್ನು ಬಾಯಿಗೆ ಅಡ್ಡ ಒತ್ತಿ ಹಿಡಿದಳು.

ಹೊರಗೆ ಚಾಲಕ ಹಾರ್ನ್ ಹೊಡೆದ. ಅಂಗಡಿಯವರು ಎರಡೂ ಕೈ ಎತ್ತಿ ಬೀಸುತ್ತ ಬೀದಿಗೆ ಓಡಿದರು. ಇಂಜಿನ್ ನಿಂತಿತು. ತಂಗಿ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಗೋಡೆಗೆ ಒರಗಿದಳು. ಕಣ್ಣೀರು ಬೆರಳ ಸಂದಿಯಲ್ಲಿ ಇಳಿದು ಮೊಣಕೈ ತನಕ ಹರಿಯುತ್ತಿದ್ದರೂ ಬಾಯಿಯ ಮೇಲಿನ ಕೈ ತೆಗೆಯಲಿಲ್ಲ.