ಉರಿ ಇಲ್ಲದ ದಾರ

ಯಾರೋ ಸೀನಿದರು, ಹಿತ್ತಲ ಕಡೆಯವರೋ ರಸ್ತೆಯವರೋ, ಒಂದು ಸೀನಿನ ಹಿಂದೆ ಇನ್ನೊಂದು, ಲಾರಿ ಹೋಗಿರಬೇಕು, ಮೆಣಸಿನಕಾಯಿ ಚೀಲ ಹೇರಿದ ಲಾರಿ ಮಾರುಕಟ್ಟೆಯ ಯಾರ್ಡಿನ ಕಡೆ ಹೊರಳಿದರೆ ಇಡೀ ಓಣಿ ಸೀನುತ್ತದೆ, ಬ್ಯಾಡಗಿಯಲ್ಲಿ ಬೇಸಿಗೆ ಮೊದಲು ಗೊತ್ತಾಗುವುದು ಮೂಗಿಗೆ — ನಾನು ಸೀನಬಾರದು, ಕ್ರೋಶಾ ಸೂಜಿಯ ಮೇಲೆ ಕುಣಿಕೆಗಳು ನಿಂತಿವೆ, ಸೀನಿದರೆ ಜಾರುತ್ತವೆ, ತಡಿ, ಎಳಿ, ದಾರದ ಒಂದು ಕಂಬ ಎದ್ದಿತು, ಎರಡು ಸರಪಳಿ, ಒಂದು ಮನೆ ಬಿಟ್ಟು ಮತ್ತೆ ಕಂಬ, ಕಂಬಗಳ ನಡುವೆ ಕಿಟಕಿ, ಕಿಟಕಿಯಲ್ಲಿ ಗಾಳಿ. ಕ್ರೋಶಾ ಫ್ರಾಕು ಅಂದರೆ ಇಷ್ಟೆ, ದಾರದ ನಡುವೆ ಗಾಳಿಗೆ ಜಾಗ ಬಿಡುತ್ತ ಹೋಗುವುದು. ಮಗಳು ಅಂಜಲಿಗೆ ಬಿಸಿಲು ಏರಿತೆಂದರೆ ಬೆನ್ನ ತುಂಬ ಬೆವರುಸಾಲೆ, ಐದು ವರ್ಷದ ಹುಡುಗಿ, ಕರಡಿಯ ಹಾಗೆ ಗೋಡೆಗೆ ಬೆನ್ನು ಉಜ್ಜುತ್ತ ನಿಂತಿರುತ್ತಾಳೆ, ಅಂಗಡಿಯ ಫ್ರಾಕು ನೋಡಲು ಚಂದ, ಒಳಗೆಲ್ಲ ನೈಲಾನು, ಬೆವರು ಕುಡಿಯುವುದಿಲ್ಲ, ಅದಕ್ಕೇ ಹತ್ತಿಯ ದಾರದ್ದು, ಜಾಳುಜಾಳಾಗಿ, ತೋಳಿಲ್ಲದ್ದು, ಬೆನ್ನಿಗೆ ಗುಂಡಿ ಇಟ್ಟದ್ದು — ಅದಕ್ಕೇ ಅಲ್ಲವೇ ಆ ಮೊದಲನೆಯದನ್ನೂ ಹೆಣೆದದ್ದು, ಅದನ್ನು ಈಗ ನೆನೆಯಬಾರದು, ನೆನೆದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಇವತ್ತೂ ಮುಗಿಯುವುದಿಲ್ಲ.

ಶ್ರೀದೇವೀ, ಹಾಲು ಉಕ್ಕಾಕತ್ತೈತಿ, ಕಣ್ಣು ಆ ದಾರದಾಗ ಹೊಲಕೊಂಡು ಕುಂತಿ ಏನ? ಅತ್ತೆ, ಒಳಗಿನ ಕೋಣೆಯಲ್ಲಿ ಮಲಗಿದಲ್ಲಿಂದಲೇ, ಮೊಮ್ಮಗಳ ಪಕ್ಕದಲ್ಲಿ, ಹಾಲಿನ ಸಪ್ಪಳ ಅವರಿಗೆ ಅಲ್ಲಿಗೂ ಕೇಳುತ್ತದೆ, ಬಂದೆ ತಡೀರಿ ಅತ್ತಿ, ಸೂಜಿಯನ್ನು ಕುಣಿಕೆಯಲ್ಲೇ ಬಿಟ್ಟು, ಫ್ರಾಕನ್ನು ಹಾಸಿದ ಬಿಳಿ ಬಟ್ಟೆಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಏಳುವಾಗ ಸೊಂಟ ಏಳುವುದಿಲ್ಲ, ಒಲೆ ಆರಿಸಿದೆ, ಉಕ್ಕಿದ್ದು ಉಕ್ಕಿತು, ಕಟ್ಟೆ ಒರೆಸಿದೆ, ಒಣಗಿದ ಬಟ್ಟೆ ತಂದು ಹಾಕಿದೆ, ಮಡಚಲು ತ್ರಾಣವಿಲ್ಲ, ಇರಲಿ. ಮಸಾಲೆ ಡಬ್ಬಿಯ ಕಡೆ ಕೈ ಹೋಗಬಾರದು, ಸಾರಿಗೆ ಖಾರದ ಪುಡಿ ಈಗ ಅತ್ತೆಯೇ ಹಾಕುತ್ತಾರೆ. ಮತ್ತೆ ಸಾಬೂನು, ಮತ್ತೆ ಕಡಲೆ ಹಿಟ್ಟು, ಮತ್ತೆ ನೀರು, ಉಗುರು ಮಾಂಸದವರೆಗೆ ಕತ್ತರಿಸಿಕೊಂಡಿದ್ದೇನೆ, ನೀರು ತಾಗಿದರೆ ಚುರ್ ಅನ್ನುತ್ತದೆ, ಆಮೇಲೆ ಒಂದೊಂದೇ ಬೆರಳು ತುಟಿಗೆ ಒತ್ತಿ ನೋಡುವುದು, ಹೆಬ್ಬೆರಳು, ತೋರುಬೆರಳು, ಇಲ್ಲ, ಉರಿ ಇಲ್ಲ. ಬೆರಳ ನೆಕ್ಕಿ ನೆಕ್ಕಿ ಕರಗಿಸ್ತಿ ನೋಡ, ನಾಳೆ ರೊಟ್ಟಿ ಮೊಣಕೈಲೆ ಬಡೀಬೇಕಾಗತೈತಿ ಅಂತ ಅತ್ತೆ ಒಳಗಿನಿಂದಲೇ ನಗುತ್ತಾರೆ, ನಗಿಸಬೇಕೆಂದೇ ಅನ್ನುವುದು, ನನಗೆ ಗೊತ್ತು, ನಕ್ಕೆ ಕೂಡ, ತುಟಿ ಎಳೆದು ನಗುವುದಕ್ಕೂ ಆಯಾಸವಿದೆ ಅಂತ ಮೊದಲು ಗೊತ್ತಿರಲಿಲ್ಲ.

ಕಂಬ, ಸರಪಳಿ, ಸರಪಳಿ, ಕಂಬ. ನಾನು ಕೂಲಿಗೆ ಹೋಗುತ್ತಿದ್ದ ಗೋಡೌನಿನಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವುದೂ ಹೀಗೇ, ಒಂದೇ ಕೆಲಸ ಮತ್ತೆ ಮತ್ತೆ, ರಾಶಿಯ ಸುತ್ತ ಹೆಂಗಸರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಾತು ಮಾತ್ರ ಬಟ್ಟೆಯೊಳಗಿಂದಲೂ ನಿಲ್ಲುವುದಿಲ್ಲ, ನಮ್ಮೂರಿನ ಕಾಯಿ ಬಣ್ಣಕ್ಕೆ ಹೆಸರು, ಅಷ್ಟು ಖಾರವಿಲ್ಲ, ಕೈ ಕೆಂಪಾಗುತ್ತದೆ, ತೊಳೆದರೆ ಮುಗಿಯಿತು, ಆದರೆ ಈ ಸಲ ಆಂಧ್ರದ ಕಾಯಿ ಬಂದು ಬಿತ್ತು, ಅದು ಮಾತೇ ಬೇರೆ, ಉಗುರಿನ ಸಂದಿಗೆ ಹೊಕ್ಕು ಕೂತುಬಿಡುತ್ತದೆ. ಮನೆಗೆ ಬಂದು ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದೆನಲ್ಲ, ಆ ಮೊದಲ ಫ್ರಾಕಿಗೂ ಪ್ರತಿ ದಿನ ತೊಳೆದೇ ದಾರ ಮುಟ್ಟಿದ್ದು, ಒಡೆದ ಬೆರಳಿಗೆ ದಾರ ಸಿಕ್ಕಿ ಎಳೆ ಏಳುತ್ತದೆ ಅಂತ ಕೊಬ್ಬರಿ ಎಣ್ಣೆ ಸವರಿಕೊಂಡದ್ದೇ ತಪ್ಪಾಯಿತು, ನುಣ್ಣಗೆ ಇರಲಿ, ಮಗುವಿನ ಮೈಗೆ ಹೋಗುವ ಬಟ್ಟೆ ಅಂತ, ಎಣ್ಣೆ ಹೋಗಿ ಉಗುರಿನ ಸಂದಿಯ ಖಾರವನ್ನೆಲ್ಲ ಎಳೆದು ತಂದು ದಾರಕ್ಕೆ ಕುಡಿಸಿತು, ಒಂದೊಂದು ಸಾಲಿಗೂ ಕುಡಿಸಿತು, ಒಣಗಿದ್ದಾಗ ಏನೂ ಇಲ್ಲ, ಹಾಲಿನ ಬಣ್ಣದ ಫ್ರಾಕು, ಎಷ್ಟು ಚಂದ, ಅಂಜಲಿ ಕಿಟಕಿಗಳಲ್ಲಿ ಬೆರಳು ತೂರಿಸಿ, ಅವ್ವಾ ಇದ್ರಾಗ ಗಾಳಿ ಒಳಗ ಬರತೈತೊ, ಹೊರಗ ಹೋಗತೈತೊ? ಎರಡೂ ಮಾಡತೈತಿ ನನ್ನವ್ವಾ.

ಹಾವೇರಿಗೆ ಹೊರಟದ್ದು, ನನ್ನ ತಂಗಿಯ ಕೂಸಿನ ತೊಟ್ಟಿಲು ಶಾಸ್ತ್ರಕ್ಕೆ. ಮುಂಜಾನೆ ತಂಪಿನಲ್ಲಿ ಅಂಜಲಿಗೆ ಅದನ್ನೇ ತೊಡಿಸಿದೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ರಾಣಿಯ ಹಾಗೆ ಕೂತಿದ್ದಳು, ಹಾವೇರಿ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಬಿಸಿಲು, ಬೆವರು, ಅವ್ವಾ ಇರಿವಿ ಕಚ್ಚಾಕತ್ತಾವು. ಎಲ್ಲೈತಿ ಇರಿವಿ, ಕೊಡವಿದೆ, ಹುಡುಕಿದೆ, ಬೆನ್ನು ಉಜ್ಜಿದೆ, ಉಜ್ಜಿದೆನಲ್ಲ ದೇವರೇ, ಉಜ್ಜಿದಷ್ಟೂ ಬೆವರು, ಬೆವರಿದಷ್ಟೂ ಉರಿ, ಅವಳು ಚೀರಿದ ದನಿಗೆ ಕಂಡಕ್ಟರು ಸೀಟಿ ಊದುವುದನ್ನೂ ಮರೆತು ನಿಂತ, ಬಾಳೆಹಣ್ಣು ಮಾರುವ ಮುದುಕಿ ಎದ್ದು ಬಂದು, ಏ ಹುಚ್ಚವ್ವಾ, ಫ್ರಾಕ್ ತಗೀ ಮೊದ್ಲ, ಮೈ ಹೆಂಗ ಕೆಂಪಾಗೈತಿ ನೋಡ, ಬಿಚ್ಚಿದೆವು, ಬರಿಮೈ ಕೂಸನ್ನು ಮುದುಕಿ ತನ್ನ ಮಡಿಲಿಗೆ ಹಾಕಿಕೊಂಡು ಹೋಟೆಲಿನ ಮಜ್ಜಿಗೆ ಹುಯ್ದಳು, ನಾನು ಕೈ ಚಾಚಿದರೆ, ನೀ ಮುಟ್ಟಬ್ಯಾಡ, ನೀ ಮುಟ್ಟಬ್ಯಾಡ, ಗುರುತಿಲ್ಲದ ಮುದುಕಿಯ ಸೆರಗನ್ನು ಹಿಡಿದುಕೊಂಡು ನನ್ನ ಮಗಳು ನನಗೆ ಅನ್ನುತ್ತಾಳೆ.

ಮುಲಾಮಿಗೆ ಕೆಂಪು ಇಳಿಯಿತು, ಚರ್ಮ ಮೊದಲಿನ ಹಾಗೇ ಆಯಿತು, ಆದರೆ ಅಂದಿನಿಂದ ಸ್ನಾನ ಅಜ್ಜಿಯ ಕೈಯಲ್ಲಿ, ಜಡೆ ಅಜ್ಜಿಯ ಕೈಯಲ್ಲಿ, ತುತ್ತು ಅಜ್ಜಿಯ ಕೈಯಲ್ಲಿ, ನಾನು ತಾಟು ನೆಲದ ಮೇಲಿಟ್ಟು ಹಿಂದೆ ಸರಿದರೆ ಬಂದು ಎತ್ತಿಕೊಳ್ಳುತ್ತಾಳೆ, ಬೆಕ್ಕಿಗೆ ಹಾಲಿಟ್ಟ ಹಾಗೆ. ಅಂಗನವಾಡಿಯಲ್ಲಿ ಟೀಚರಿಗೆ ಹೇಳಿದ್ದಾಳಂತೆ, ನಮ್ಮವ್ವನ ಕೈಯಾಗ ಮೆಣಸಿನಕಾಯಿ ಅದಾವ್ರಿ, ಟೀಚರು ನನಗೆ ನಗುತ್ತ ಹೇಳಿದರು, ನಾನೂ ನಕ್ಕೆ. ಗೋಡೌನು ಬಿಟ್ಟೆ. ಮರೀತಾಳ ಬಿಡ, ಸಣ್ಣದೈತಿ, ಅಂತ ಇವರು, ಅವಳಪ್ಪ, ಅಂಗಿ ಕಳಚುತ್ತ, ಇವರಿಗೇನು, ಇವರ ಹೆಗಲ ಮೇಲೆ ಹತ್ತಿ ಕೂರುತ್ತಾಳೆ, ಮತ್ತ ಅದನ್ನ ಯಾಕ ಹೆಣೀತಿ, ಅದನ್ನ ಕಂಡರ ಹೆದರತೈತಿ ಕೂಸು, ರೆಡಿಮೇಡ್ ತಂದರಾತಪ. ತರಬಹುದು. ಅಂಗಡಿಯದ್ದನ್ನು ಯಾರಾದರೂ ತೊಡಿಸಬಹುದು. ಉರಿದದ್ದು ನಾನು ಹೆಣೆದದ್ದು, ಹಾಗಾದರೆ ಉರಿಯದೆ ಇರಬೇಕಾದದ್ದೂ ನಾನು ಹೆಣೆದದ್ದೇ ಆಗಬೇಕಲ್ಲ, ಇದನ್ನು ಗಂಡಸಿಗೆ ಹೇಗೆ ಹೇಳುವುದು, ಹೇಳುವಷ್ಟರಲ್ಲಿ ಇವರು ಗೊರಕೆ ಹೊಡೆಯುತ್ತಿದ್ದರು.

ದಾರಕ್ಕೆ ರಾಣೆಬೆನ್ನೂರಿಗೇ ಹೋದೆ, ಇಲ್ಲಿಯ ಅಂಗಡಿಗಳಲ್ಲಿ ಗಾಳಿಯೇ ಖಾರ ಅನ್ನಿಸಿತು, ಹಲಗೇರಿಯ ತವರಿನಲ್ಲಿದ್ದಾಗಿನಿಂದ ಗುರುತಿರುವ ಶಾಬುದ್ದೀನನ ದಾರದ ಅಂಗಡಿ, ಯಾವ ಬಣ್ಣ ಕೊಡ್ಲಿ ಅಕ್ಕಾರ? ಅಂಜಲಿಯನ್ನು ಅಜ್ಜಿಯ ಕೈಲಿ ಕೇಳಿಸಿದ್ದೆ, ಕೆಂಪ ಬ್ಯಾಡ ಅಂದಿದ್ದಳಂತೆ, ಅಷ್ಟೇ, ಆಕಾಶದ ಬಣ್ಣ ಕೊಡ್ರಿ, ಹೊಸ ಪೊಟ್ಟಣ ಒಡೀರಿ, ನೀವ ಚೀಲದಾಗ ಹಾಕ್ರಿ, ನಾ ಮುಟ್ಟೂದಿಲ್ಲ. ಯಾಕ್ರಿ ಅಕ್ಕಾರ, ನಮ್ಮ ದಾರ ಕಚ್ಚತೈತೇನ? ದಾರ ಅಲ್ರಿ ಅಣ್ಣಾರ, ಕೈ ಕಚ್ಚತೈತಿ. ಅವನು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ, ಉಂಡೆಗಳನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟ, ಈ ಸಲ ಎಣ್ಣೆ ಮುಟ್ಟಿಲ್ಲ, ಒಡೆದ ಬೆರಳಿಗೆ ದಾರ ಸಿಕ್ಕರೆ ಸಿಗಲಿ, ಎಳೆ ಎದ್ದರೆ ಏಳಲಿ, ಸಾಲಿಗೊಮ್ಮೆ ಕೈ ತೊಳೆದು, ಬೆವರಿದರೆ ಬಿಟ್ಟು, ಒರೆಸಿ, ಕಂಬ, ಸರಪಳಿ, ಸರಪಳಿ, ಕಂಬ — ಇದು ಕೊನೆಯ ಕಂಬ, ದಾರ ಕತ್ತರಿಸು, ತುದಿಯನ್ನು ಒಳಗೆ ಸೇರಿಸು, ಮುಗಿಯಿತು, ಖರೇ ಮುಗಿಯಿತೇನು, ಸಂತೋಷ ಬರಬೇಕಿತ್ತು, ನಿದ್ದೆ ಬರುತ್ತಿದೆ.

ಬಾಗಿಲಲ್ಲಿ ನಿಂತಿದ್ದಾಳೆ. ಯಾವಾಗ ಎದ್ದಳೋ, ಕೆನ್ನೆಯ ಮೇಲೆ ಚಾಪೆಯ ಗೆರೆ, ಕೂದಲು ಕೆದರಿದೆ, ಚೌಕಟ್ಟು ಹಿಡಿದು ಫ್ರಾಕನ್ನೇ ನೋಡುತ್ತಿದ್ದಾಳೆ, ಕರೆಯಬಾರದು, ಕರೆದರೆ ಓಡುತ್ತಾಳೆ, ನಾನು ಫ್ರಾಕನ್ನು ಎತ್ತಿ ನನ್ನ ಕೆನ್ನೆಗೆ ಇಟ್ಟುಕೊಂಡೆ, ತಣ್ಣಗೈತಿ ಅಂಜೂ, ಉರಿ ಇಲ್ಲ, ನೋಡು, ತುಟಿಗೂ ಒತ್ತಿದೆ. ಒಂದು ಹೆಜ್ಜೆ ಬಂದಳು. ನಿನ್ನ ಕೈ? ಕೈಯಾಗೂ ಇಲ್ಲವ್ವಾ. ಸುಳ್ಳ. ಖರೇನ ಇಲ್ಲ. ಮತ್ತೊಂದು ಹೆಜ್ಜೆ, ಹಾಂಗಾದ್ರ ಕಣ್ಣಾಗ ಬೆರಳ ಇಡು. ಒಳಗಿನಿಂದ ಅತ್ತೆ, ಏ ಖೋಡಿ, ಅವ್ವಗ ಹಂಗ ಅಂತಾರೇನ, ಬ್ಯಾಡ ಅತ್ತಿ, ಸುಮ್ಮನಿರ್ರಿ, ಇಡ್ತೇನಿ. ತೋರುಬೆರಳು, ಕೆಳಗಿನ ರೆಪ್ಪೆಯನ್ನು ಎಳೆದು ಒಳಗಿನ ಕೆಂಪಿಗೆ ಒತ್ತಿದೆ, ತೆಗೆದೆ, ಇಲ್ಲ, ಉರಿ ಇಲ್ಲ, ಒಂದಿಷ್ಟೂ ಇಲ್ಲ, ಅಂಜಲಿ ಓಡಿ ಬಂದಳು, ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತಳು, ತಾಗಿತು, ಮುಖವನ್ನು ನನ್ನ ಮುಖದ ಹತ್ತಿರ ತಂದು ಆ ಕಣ್ಣಿನೊಳಗೆ ನೋಡುತ್ತಿದ್ದಾಳೆ, ನಿದ್ದೆಯ ಬಿಸಿ ಉಸಿರು, ಎಷ್ಟು ದಿನವಾಯಿತು ಈ ಉಸಿರು, ಎದೆಯಿಂದ ಏನೋ ಏಳುತ್ತಿದೆ, ಬೇಡ, ಈಗ ಬೇಡ, ನೀರು ಬಂದರೆ ಉರಿಯಿತು ಅಂದುಕೊಳ್ಳುತ್ತಾಳೆ, ಇದು ಖಾರದ ನೀರಲ್ಲ ಅಂತ ಐದು ವರ್ಷದವಳಿಗೆ ಹೇಗೆ ಹೇಳುವುದು, ಬಂದೇಬಿಟ್ಟಿತು, ರೆಪ್ಪೆಯ ಅಂಚಿನಲ್ಲಿ ನಿಂತಿದೆ, ಬಡಿಯಬಾರದು, ಬಡಿದರೆ ಬೀಳುತ್ತದೆ, ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಾಳೆ, ಹನಿ ನಿಂತಿದೆ, ನಾನು ರೆಪ್ಪೆ ಬಡಿದಿಲ್ಲ, ಅವಳು ನೋಡುತ್ತಿದ್ದಾಳೆ, ಹನಿ ನಿಂತಿದೆ